ಜೋಳದ ಹೊಲಕ್ಕೊಬ್ಬ ಸೆಕ್ಯುರಿಟಿ ಆಫೀಸರ್

ನಮ್ಮ ಕಾಕಾ ಕಾವಲಿಗೆ ನಿಂತ ನಾಲ್ಕು ವರ್ಷಗಳಲ್ಲಿ ಆ ಚಿತ್ರ ಸಂಗ್ರಹಾಲಯದಿಂದ ಒಂದೇ ಒಂದು ಚಿತ್ರವೂ ಕಳುವಾಗಿಲ್ಲ. ಕಳುವಾಗಿದ್ದರೆ ಅದು ನೋಡಲು ಬಂದವರ ನೆಮ್ಮದಿ, ಅಲ್ಲಿಯ ಮುಖ್ಯಸ್ಥೆ ಮೇಡಮ್ಮರ ಮನಶ್ಶಾಂತಿ, ಮತ್ತು ಅವರಿಗೂ ಕಾಕಾನಿಗೂ ನಡುವೆ ಸಿಕ್ಕಿಬಿದ್ದ ನನ್ನ ರವಿವಾರಗಳು!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಸೊಲ್ಲಾಪುರದ ವಿಜಾಪುರ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಬಂಗಲೆಯಿದೆ. ಅದರ ಸಾಹುಕಾರರು ಜೀವಮಾನವೆಲ್ಲ ಕೂಡಿಸಿದ ಚಿತ್ರಗಳ ಸಮೇತ ಬಂಗಲೆಯನ್ನೂ ಊರಿಗೆ ಬಿಟ್ಟುಹೋದರು. ಅದೇ ಈಗ ಸಂಗ್ರಹಾಲಯ, ಕಾಕಾ ಅಲ್ಲಿ ಸೆಕ್ಯುರಿಟಿ ಆಫೀಸರ್. ಅಪ್ಪಿತಪ್ಪಿ ವಾಚಮನ್ ಎಂದಿರೋ, ಮುಗಿಯಿತು!

"ವಾಚಮನ್ ಹೊರಗ ಗೇಟಿನ್ಯಾಗ ಕುಂದರತಾನ. ನಾ ಒಳಗ ಕುಂದರತೀನಿ, ಫ್ಯಾನಿನ ಕೆಳಗ" ಎನ್ನುತ್ತಾನೆ. ಆಫೀಸರ್ ಎನ್ನಲು ಇದಕ್ಕಿಂತ ಪುರಾವೆ ಬೇಕೆ?

ಅಕ್ಕಲಕೋಟ ತಾಲೂಕಿನ ವಾಗದರಿಯಲ್ಲಿ ನಮ್ಮ ಹೊಲವಿತ್ತು. ಅಪ್ಪ ಮಾಸ್ತರಿಕೆ ಹಿಡಿದು ಊರು ಬಿಟ್ಟರೂ ಉಳುವುದು, ಬಿತ್ತುವುದು, ಕಾಯುವುದು ಎಲ್ಲವನ್ನೂ ಕಾಕಾನೇ ಮಾಡುತ್ತಿದ್ದ. ಆಮೇಲೆ ಅಗಲವಾದ ಹೊಸ ರಸ್ತೆ ಬಂತು. ಬಂದದ್ದು ಸರಿಯಾಗಿ ನಮ್ಮ ಹೊಲದ ಮೇಲೆಯೇ ಬಂತು. ಹೊಲ ಹೋಯಿತು, ನಾವೆಲ್ಲ ಸೊಲ್ಲಾಪುರದ ಫ್ಲ್ಯಾಟಿಗೆ ಬಂದೆವು. ಕಾಕಾ ಎರಡು ವರ್ಷ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗೆ ಹೋಗುವ ಗಾಡಿಗಳನ್ನು ನೋಡುತ್ತ ಕುಳಿತ. ಉಣ್ಣು ಎಂದರೆ ಉಂಡ, ಮಲಗು ಎಂದರೆ ಮಲಗಿದ. ಸಂಗ್ರಹಾಲಯಕ್ಕೆ ಮನುಷ್ಯ ಬೇಕಂತೆ ಎಂದು ಯಾರೋ ಹೇಳಿದಾಗ ಕಾಕಿ ಅವನನ್ನು ಅಕ್ಷರಶಃ ನೂಕಿ ಕಳಿಸಿದಳು.

ನೌಕರಿಯ ಮುಲಾಕತ್ತಿನಲ್ಲಿ ಮೇಡಂ "ಅನುಭವ ಏನಿದೆ?" ಎಂದು ಕೇಳಿದರಂತೆ.

"ಮೂವತ್ತು ವರ್ಷ ಜ್ವಾಳಾ ಕಾದೀನ್ರಿ. ಹಕ್ಕಿ, ಹಂದಿ, ಮನಶ್ಯಾರು, ಮೂರೂ ಬರ್ತಿದ್ವು."

ಮೇಡಂ ಪುಣೆಯವರು. ಇದು ವಿನೋದವೆಂದು ತಿಳಿದು ನಕ್ಕು, ಅಂದೇ ಕೆಲಸ ಕೊಟ್ಟರು. ವಿನೋದವಲ್ಲ ಎಂದು ತಿಳಿಯಲು ಅವರಿಗೆ ಒಂದು ವಾರ ಬೇಕಾಯಿತು.

ಮೊದಲನೆಯ ದಿನವೇ ಕಾಕಾ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ, ಬಂದವರಿಗೆ ಬೆನ್ನು ಹಾಕಿ, ಚಿತ್ರವನ್ನು ದಿಟ್ಟಿಸುತ್ತ ಕುಳಿತ. ಮೇಡಂ ಕರೆದು, ನೋಡಬೇಕಾದದ್ದು ಚಿತ್ರವನ್ನಲ್ಲ, ಚಿತ್ರ ನೋಡುವವರನ್ನು ಎಂದು ತಿಳಿಸಿ ಹೇಳಿದರು. ಎರಡನೆಯ ದಿನ ಕಾಕಾ ಹಾಗೆಯೇ ಮಾಡಿದ. ಒಬ್ಬೊಬ್ಬರ ಮುಖವನ್ನೂ ಎರಡು ಅಡಿ ದೂರದಿಂದ ನೋಡಿದ! ಬರೀ ನೋಡಿದರೆ ಸಾಕೆ? ಹೊಲದೊಳಗೆ ಹೊಸಬರು ಕಾಲಿಟ್ಟರೆ ವಿಚಾರಿಸುವ ಪದ್ಧತಿಯೊಂದಿದೆಯಲ್ಲ, ಅದೂ ಶುರುವಾಯಿತು. "ಯಾವೂರಾವ್ರು? ಯಾರ ಪೈಕಿ? ಈ ಕಡಿ ಯಾಕ ಬಂದಿದ್ರಿ?" ಕಲೆ ನೋಡಿ ಮನಸ್ಸು ಹಗುರ ಮಾಡಿಕೊಳ್ಳಲು ಬಂದ ಒಬ್ಬ ಪ್ರಾಧ್ಯಾಪಕರು ತಮ್ಮ ತಾತನ ಹೆಸರು, ಅತ್ತೆಮನೆಯ ಊರು, ಬಾಡಿಗೆ ಮನೆಯ ಗಲ್ಲಿ ಎಲ್ಲ ಒಪ್ಪಿಸಿ, ಚಿತ್ರ ನೋಡುವುದನ್ನೇ ಮರೆತು ಹೊರಬಿದ್ದರು.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಕಾಕಾ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆ ಪಾಸಾದವನು. ಮೇಡಮ್ಮರ ಜತೆ, ಬಂದವರ ಜತೆ ಬಾಯಿ ದಿನವಿಡೀ ಮರಾಠಿ ಆಡಿದರೂ ಕೈಗೆ ಬರುವುದು ಕನ್ನಡವೊಂದೇ. ಹಾಗಾಗಿ ಡ್ಯೂಟಿ ರಜಿಸ್ಟರನ್ನು ಅವನು ಕನ್ನಡದಲ್ಲಿ ತುಂಬುತ್ತಾನೆ. ಮೇಡಮ್ಮರಿಗೆ ಅದು ಒಂದಕ್ಷರ ತಿಳಿಯದು. ಪ್ರತಿ ರವಿವಾರ ಅವರು ವಾರದ ಹಾಳೆಗಳ ಫೋಟೋ ತೆಗೆದು, ಮೂರು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ, ನನ್ನ ಮೊಬೈಲಿಗೆ ಕಳಿಸುತ್ತಾರೆ. ನಾನು ಕೂತು ಮರಾಠಿಗೆ ಇಳಿಸಬೇಕು. ಒಂದು ದಿನದ ನಮೂದು ನೋಡಿ:

'ಎರಡನೇ ಖೋಲಿಯ ಸರದಾರ ಇಂದೂ ನನ್ನ ಕಡೆಯೇ ನೋಡಿದ. ಬಲಕ್ಕೆ ಹೋದೆ, ನೋಡಿದ. ಎಡಕ್ಕೆ ಹೋದೆ, ಅಲ್ಲಿಗೂ ನೋಡಿದ. ಯಾರು ಯಾರನ್ನು ಕಾಯುತ್ತಿದ್ದಾರೆ ತಿಳಿಯದು. ಉಳಿದಂತೆ ಕ್ಷೇಮ.'

ಸರದಾರನೆಂದರೆ ಆ ಕೋಣೆಯ ಗೋಡೆಯ ಮೇಲಿನ ಚಿತ್ರ! ಇದನ್ನು ಯಾವ ಮರಾಠಿಗೆ ಇಳಿಸಲಿ? 'ಸರ್ವ ಠೀಕ್' ಎಂದು ಬರೆದು ಕಳಿಸಿದೆ.

ಇನ್ನೊಮ್ಮೆ ನಾಲ್ಕನೆಯ ಖೋಲಿಗೆ ಹೊಸದೊಂದು ಚಿತ್ರ ಬಂತು. ಬರೀ ಬಿಳಿ. ಅಂಚಿನಿಂದ ಅಂಚಿಗೆ ಬಿಳಿ. ಅದನ್ನು ತೂಗುಹಾಕಿದ ದಿನ ಕಾಕಾನ ರಜೆ. ಮರುದಿನ ಬಂದು ನೋಡುತ್ತಾನೆ, ಚೌಕಟ್ಟು ಇದೆ, ಚಿತ್ರವಿಲ್ಲ! ಸೀಟಿ ಊದಿದ. ಗೇಟು ಹಾಕಿಸಿದ. ಒಳಗಿದ್ದ ಹನ್ನೊಂದು ಜನರನ್ನು ಸಾಲಾಗಿ ಕೂಡಿಸಿ, ಕೈಚೀಲ ಬಿಚ್ಚಿಸಿದ. ಮೇಡಂ ಓಡಿಬಂದು, ಚಿತ್ರವೇ ಅದು, ಕಲಾವಿದರು ಬೇಕೆಂದೇ ಹಾಗೆ ಬಿಟ್ಟಿದ್ದಾರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಹನ್ನೊಂದು ಜನರಲ್ಲಿ ಇಬ್ಬರು ಅತ್ತಿದ್ದರು. ಕಾಕಾ ಶಾಂತವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಅದು ಖರೇನ ಕಳುವಾತು ಅಂದ್ರ, ನನಗ ಹೆಂಗ ಗೊತ್ತಾಗಬೇಕ್ರಿ ಮ್ಯಾಡಮ್?"

ಈ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ನಿಮಗೇನಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಇಷ್ಟೆಲ್ಲ ಆದರೂ ಮೇಡಂ ಅವನನ್ನು ಬಿಡಲಿಲ್ಲ. ಅದಕ್ಕೂ ಒಂದು ಕಾರಣವಿತ್ತು. ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗುವ ಬಸ್ಸುಗಳು ಕೆಲವೊಮ್ಮೆ ಬಂಗಲೆಯ ನೆರಳು ಕಂಡು ನಿಲ್ಲುತ್ತವೆ. ಜನ ಇಳಿದು ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಒಳಗೆ ಬಂದು ಕಂಡ ಕಂಡ ಚಿತ್ರಕ್ಕೆ ಕೈಮುಗಿಯುತ್ತಾರೆ. ಇದು ಗುಡಿಯಲ್ಲ ಎಂದು ಹೇಳಿ ಹೇಳಿ ಹಿಂದಿನವರೆಲ್ಲ ಸೋತಿದ್ದರು. ಕಾಕಾ ಅದನ್ನು ಹೇಳುವ ಗೋಜಿಗೇ ಹೋಗಲಿಲ್ಲ. "ಪ್ರದಕ್ಷಿಣಿ ಎಡಗಡೆಯಿಂದ ಹಾಕ್ರಿ, ನಡುವ ನಿಂದರಬ್ಯಾಡ್ರಿ, ಕೈ ಮುಗೀರಿ, ಮುಟ್ಟಬ್ಯಾಡ್ರಿ" ಎಂದ. ಜನ ಸಾಲಾಗಿ, ಗದ್ದಲವಿಲ್ಲದೆ, ಯಾವುದನ್ನೂ ಮುಟ್ಟದೆ ಏಳೂ ಖೋಲಿ ಸುತ್ತಿ ಹೊರಹೋದರು. ಇಂಥ ಶಿಸ್ತು ದೊಡ್ಡ ದೊಡ್ಡ ಊರಿನ ಸಂಗ್ರಹಾಲಯಗಳಲ್ಲೂ ಕಂಡಿಲ್ಲ ಎಂದು ಮೇಡಂ ನನ್ನೆದುರು ಒಪ್ಪಿಕೊಂಡರು. ಆ ಸಾಲಿನಲ್ಲಿ ಒಬ್ಬಜ್ಜಿ ಬಿಳಿಯ ಚಿತ್ರಕ್ಕೂ ಹಣೆ ಬಾಗಿಸಿ ಹೋದಳಂತೆ.

ಹೀಗೆ ಎಲ್ಲವೂ ಗೊಂದಲದಲ್ಲಿ ಸುಸೂತ್ರವಾಗಿ ನಡೆದಿರುವಾಗ ಮೂರನೆಯ ವರ್ಷದ ಎಳ್ಳ ಅಮಾವಾಸ್ಯೆ ಬಂತು.

ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆಯ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಹೊಲಕ್ಕೆ ಉಣಿಸಬೇಕು. ಬೆಳೆಯ ಸುತ್ತ ನಡೆಯುತ್ತ, ಕೂಗು ಹಾಕುತ್ತ, ಅಡುಗೆಯನ್ನು ಚೆಲ್ಲುತ್ತ ಹೋಗುವುದಕ್ಕೆ ಚರಗ ಎನ್ನುತ್ತಾರೆ. ಹೊಲ ಉಂಡ ಮೇಲೆ ಮನುಷ್ಯರ ಊಟ. ಆ ವರ್ಷ ಕಾಕಾನಿಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಹೋಗಲು ಹೊಲವೆಲ್ಲಿತ್ತು? ಕಾಕಿ ಹಬ್ಬದಡುಗೆಯನ್ನೆಲ್ಲ ಡಬ್ಬಿಗೆ ತುಂಬಿ ಕೊಟ್ಟಳು.

ಮರುದಿನ ಮುಂಜಾನೆ ಮೇಡಮ್ಮರ ಫೋನು. "ಕೂಡಲೇ ಬನ್ನಿ."

ಹೋಗಿ ನೋಡಿದರೆ ಐದನೆಯ ಖೋಲಿಯ ಬಾಗಿಲಿನಿಂದ ಕೆಂಪಿರುವೆಗಳ ಸಾಲು. ಅದು ನೆಲ ದಾಟಿ, ಗೋಡೆ ಹತ್ತಿ, ಒಂದು ಚಿತ್ರದ ಬಂಗಾರದ ಬಣ್ಣದ ಚೌಕಟ್ಟಿನವರೆಗೂ ಹೋಗಿತ್ತು. ಅಲ್ಲಿ ತೂಗುಹಾಕಿದ್ದು ಒಂದು ಜೋಳದ ಹೊಲದ ಚಿತ್ರ. ನಡುವೆ ಒಂದು ಬನ್ನಿ ಗಿಡ, ಬದಿಗೆ ಬಾವಿ. ಕೆಳಗಿನ ಚೀಟಿಯಲ್ಲಿ 'ಜೋಳದ ಹೊಲ, ಮರವಡೆ. ಚಿತ್ರಕಾರ ಅಜ್ಞಾತ' ಎಂದು ಬರೆದಿತ್ತು. ಮರವಡೆ ಮಂಗಳವೇಢೆ ತಾಲೂಕಿನ ಊರು.

ಮೇಡಂ ಕ್ಯಾಮೆರಾದ ದೃಶ್ಯ ತೋರಿಸಿದರು. ಮಧ್ಯಾಹ್ನ ಊಟದ ಹೊತ್ತು, ಖೋಲಿ ಖಾಲಿ. ಕಾಕಾ ಬೂಟು ಬಿಚ್ಚುತ್ತಾನೆ, ಟೋಪಿ ತೆಗೆದು ಕುರ್ಚಿಯ ಮೇಲಿಡುತ್ತಾನೆ, ಡಬ್ಬಿ ತೆರೆಯುತ್ತಾನೆ. ಬೇವಿನ ಟೊಂಗೆಯನ್ನು ಅಂಬಲಿಯಲ್ಲಿ ಅದ್ದಿ ಚಿಮುಕಿಸುತ್ತ ಖೋಲಿ ಸುತ್ತುತ್ತಾನೆ. ನಾಲ್ಕು ಹೆಜ್ಜೆಗೊಮ್ಮೆ ಸೂರು ನೋಡಿ ಬಾಯಿ ಅಗಲವಾಗಿ ತೆರೆಯುತ್ತಾನೆ. ಆ ಕ್ಯಾಮೆರಾಕ್ಕೆ ಧ್ವನಿಯಿಲ್ಲ.

"ಮೊದಲು ನೋಡಿದಾಗ ಹಲ್ಲುನೋವು ಅಂದುಕೊಂಡೆ. ಇರುವೆ ಬರದಿದ್ದರೆ ಡಾಕ್ಟರಿಗೇ ಫೋನು ಮಾಡುತ್ತಿದ್ದೆ. ಇದೇನಿದು?" ಎಂದು ಮೇಡಂ ಮರಾಠಿಯಲ್ಲಿ ಕೇಳಿದರು.

ಚಿತ್ರಕ್ಕೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಆದರೆ ಕಾಕಾನ ಕರಾರು ಮುಂದಿನ ತಿಂಗಳು ಹೊಸದಾಗಬೇಕಿತ್ತು. ಸಂಗ್ರಹಾಲಯದೊಳಗೆ ಅನ್ನದ ಅಗಳು ಒಯ್ಯುವುದೇ ಅಪರಾಧ, ಇವನು ಪಂಕ್ತಿಯನ್ನೇ ಹಾಕಿಬಿಟ್ಟಿದ್ದ! ನಾನು ಮನೆಯಿಂದ ಹೊರಡುವಾಗ ಕಾಕಿ ನನ್ನ ಕೈ ಹಿಡಿದು ಹೇಳಿದ್ದಳು. "ಈ ನೌಕರಿ ಹೋತಂದ್ರ ಇವ್ರು ಮತ್ತ ಹೋಗಿ ಬಾಲ್ಕನ್ಯಾಗ ಕುಂದರತಾರೋ ತಮ್ಮಾ. ಹೆಂಗರೆ ಮಾಡಿ ಉಳಸು."

ಉಳಿಸಬೇಕೆಂದೇ ಸುಳ್ಳು ಹೇಳಿದೆ. ಮೇಡಂ, ರಸ್ತೆಗೆ ಹೋದ ನಮ್ಮ ಹೊಲವೇ ಈ ಚಿತ್ರದಲ್ಲಿರುವುದು ಎಂದೆ. ಚೀಟಿಯಲ್ಲಿ ಊರಿನ ಹೆಸರು ತಪ್ಪಾಗಿರಬೇಕು, ಅದೇ ಗಿಡ, ಅದೇ ಬಾವಿ, ಪಾಪ, ಹಬ್ಬದ ದಿನ ಕಾಕಾನ ದುಃಖ ಉಕ್ಕಿಬಂತು ಎಂದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನಾನೇ ಅದನ್ನು ನಂಬಿಬಿಟ್ಟೆ. ಮೇಡಮ್ಮರ ಕಣ್ಣಂಚು ಒದ್ದೆಯಾಯಿತು. ಗೆದ್ದೆ ಎಂದುಕೊಂಡೆ.

ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದ ಕಾಕಾ ಸಿಟ್ಟಾದ. ಸಿಟ್ಟು ಬಂದರೆ ಅವನು ಮರಾಠಿ ಬಿಟ್ಟು ಕನ್ನಡಕ್ಕೆ ಬರುತ್ತಾನೆ. "ಏ ತಮ್ಮಾ, ಸುಳ್ಳ ಯಾಕ ಹೇಳಾಕತ್ತಿ? ಅದು ನಮ್ಮ ಹೊಲಾ ಅಲ್ಲ. ನಮ್ಮ ಬಾಂವಿ ಮೂಡಲಕ್ಕಿತ್ತು."

"ಏನಂತಾರೆ?" ಎಂದರು ಮೇಡಂ.

"ದುಃಖಕ್ಕೆ ಮಾತೇ ಹೊರಡುತ್ತಿಲ್ಲ ಅಂತಿದ್ದಾನೆ" ಎಂದು ನಾನು ಮರಾಠಿಗೆ ಇಳಿಸಿದೆ.

ಕಾಕಾ ಅಚ್ಚ ಮರಾಠಿಯಲ್ಲಿ, "ನಾಹೀ ಮ್ಯಾಡಮ್, ಖೋಟಂ ಬೋಲತೋಯ್ ಹಾ" ಎಂದ. ಸುಳ್ಳು ಹೇಳುತ್ತಿದ್ದಾನೆ ಇವನು ಎಂದು! ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ನೆಲದ ತುಂಬ ಇರುವೆಗಳಿದ್ದವು.

ಮೇಡಮ್ಮರ ಕಣ್ಣು ಒಣಗಿತು. "ನಿಮ್ಮ ಹೊಲ ಅಲ್ಲ ಅಂದಮೇಲೆ ಇದನ್ನೆಲ್ಲ ಯಾಕೆ ಮಾಡಿದಿರಿ?"

ಕಾಕಾ ಎದ್ದು ಚಿತ್ರದ ಹತ್ತಿರ ಹೋದ. ಬೆರಳು ಮುಂದೆ ಮಾಡಿ, ಮುಟ್ಟದೆ, ಗೇಣು ದೂರದಲ್ಲಿ ನಿಲ್ಲಿಸಿದ. ಆಮೇಲಿನದೆಲ್ಲ ಕನ್ನಡದಲ್ಲೇ ಬಂತು. ಈ ಸಲ ನಾನು ಒಂದಕ್ಷರ ಬದಲಿಸದೆ ಮರಾಠಿಗೆ ಇಳಿಸಿದೆ.

"ಇಲ್ಲಿ ನೋಡ್ರಿ ಮ್ಯಾಡಮ್, ಎಲಿ ಮ್ಯಾಲ ಉಬ್ಬೈತಿ. ಪೀಕ ಹೊಡಿಗಿ ಬಂದೈತಿ. ತೆನಿ ಇನ್ನಾ ಹೊಟ್ಟ್ಯಾಗ ಐತಿ. ಎಳ್ಳಮಾಸಿ ಟೈಮಿಗೇ ಅವ ಇದನ್ನ ತಗದಾನ. ಯಾರ ಹೊಲಾ ಆದ್ರ ಏನ್ರಿ? ಬಸರಿ ಹೆಣಮಗಳ ಮುಂದ ನಾ ಒಬ್ಬಾಂವ ಕುಂತು ಡಬ್ಬಿ ಹೆಂಗ ಬಿಚ್ಚಲಿ?"

ಮೇಡಂ ಚಿತ್ರದ ಹತ್ತಿರ ಹೋಗಿ ಕನ್ನಡಕ ತೆಗೆದು, ಹಾಕಿ, ಬಹಳ ಹೊತ್ತು ಆ ಎಲೆಯನ್ನು ನೋಡಿದರು. ಅದನ್ನು ವರ್ಷದ ಯಾವ ಕಾಲದಲ್ಲಿ ಬರೆದದ್ದೆಂದು ತಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಗೊಣಗಿಕೊಂಡು ವಹಿಯಲ್ಲಿ ಏನೋ ಬರೆದುಕೊಂಡರು. ಬೈಯಬೇಕೋ ಹೊಗಳಬೇಕೋ ಅವರಿಗೆ ತಿಳಿಯಲಿಲ್ಲ. ಅಳಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ. ಏನೂ ಗೊಂದಲವಿಲ್ಲದವನು ಕಾಕಾ ಒಬ್ಬನೇ. ಅವನು ಪೊರಕೆ ಹುಡುಕುತ್ತಿದ್ದ.

ಮೂರು ದಿನಕ್ಕೆ ಲಿಖಿತ ಆದೇಶ ಬಂತು. ಒಂದು, ಇನ್ನು ಮೇಲೆ ಯಾವ ಚಿತ್ರಕ್ಕೂ ಊಟ ಹಾಕಕೂಡದು. ಎರಡು, ಪ್ರತಿ ಎಳ್ಳ ಅಮಾವಾಸ್ಯೆಗೆ ಸೆಕ್ಯುರಿಟಿ ಆಫೀಸರರಿಗೆ ಕಡ್ಡಾಯ ರಜೆ. ನೌಕರಿ ಉಳಿಯಿತು! ಕಾಕಿ ನನಗೆ ಶೇಂಗಾ ಹೋಳಿಗೆ ಮಾಡಿ ಹಾಕಿದಳು. ಎಲ್ಲರೂ ಖುಷಿಪಟ್ಟರು, ಕಾಕಾ ಒಬ್ಬನನ್ನು ಬಿಟ್ಟು.

"ಹಂಗಾರ ಮುಂದಿನ ವರ್ಷ ಅದಕ್ಕ ಯಾರು ಉಣಸ್ತಾರ?" ಎಂದ. ನಾವು ಕೇಳಿಸದವರಂತೆ ಎದ್ದು ಹೋದೆವು.

ವರ್ಷ ಕಳೆಯಿತು. ಮತ್ತೆ ಅಮಾವಾಸ್ಯೆಗೆ ಎರಡು ದಿನವಿರುವಾಗ ಕಾಕಾ ನನ್ನ ಮುಂದೆ ಬಂದು ನಿಂತ.

"ನನಗಂತೂ ಬಂದ್ ಮಾಡ್ಯಾರ. ಮಾಲಕರಿಗೆ ಸುದ್ದಿ ಮುಟ್ಟಸ್ಬೇಕಲ್ಲ? ಗಾಡಿ ತಗಿ. ಮರವಡಿಗೆ ಹೋಗೂಣು."

"ಕಾಕಾ, ಆ ಊರಾಗ ಹೊಲಾ ಎಷ್ಟ ಅದಾವ! ಹೆಂಗ ಹುಡುಕ್ತಿ? ಮೊಬೈಲಿನ್ಯಾಗ ಒಂದ್ ಫೋಟೋ ಆದ್ರೂ ಹೊಡ್ಕೊಂಡ್ ಬಾ."

ಕಾಕಾ ನನ್ನನ್ನು ನೋಡಿದ ರೀತಿ ಇಂದಿಗೂ ನೆನಪಿದೆ. "ಒಳಗ ಫೋಟೋ ಹೊಡಿಯಾಂಗಿಲ್ಲ. ದಿನಾ ನೂರು ಮಂದಿಗಿ ಹೇಳಾಂವ ನಾನ, ನಾನ ಹೊಡೀಲ್ಯಾ?"

ಅಮಾವಾಸ್ಯೆಯ ದಿನ ಫೋಟೋ ಇಲ್ಲದೆಯೇ ಹೊರಟೆವು. ಕಾಕಾ, ಕಾಕಿ, ನಾನು, ಹಿಂದಿನ ಸೀಟಿನಲ್ಲಿ ಅಡುಗೆಯ ಬುಟ್ಟಿ. ಆ ದಿನ ದಾರಿಯುದ್ದಕ್ಕೂ ಹೊಲಗಳಲ್ಲಿ ಜನವೋ ಜನ. ಹಾದು ಹೋಗುವವರನ್ನು ಕೈಬೀಸಿ ಊಟಕ್ಕೆ ಕರೆಯುವುದು ರೂಢಿ. ಕಾಕಾ ಪ್ರತಿ ಕರೆಗೂ ಗಾಡಿ ನಿಲ್ಲಿಸಲು ಹೇಳಿ ಇಳಿಯುತ್ತಿದ್ದ. ಹೊಲವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಇದಲ್ಲ" ಎಂದು ವಾಪಸ್ಸು ಬರುತ್ತಿದ್ದ. ಕರೆದವರ ಮುಖ ನೀವು ನೋಡಬೇಕಿತ್ತು! ಅವರನ್ನು ಸಮಾಧಾನ ಮಾಡಲು ನಾನೂ ಕಾಕಿಯೂ ಎಲ್ಲ ಕಡೆ ಒಂದಿಷ್ಟು ಉಣ್ಣಬೇಕಾಯಿತು. ಮರವಡೆ ಬರುವಷ್ಟರಲ್ಲಿ ನನಗೆ ಸೀಟಿನಿಂದ ಏಳುವುದೇ ಕಷ್ಟವಾಗಿತ್ತು.

ಊರಾಚೆಯ ಒಂದು ಹೊಲದ ಬದುವಿನಲ್ಲಿ ಕಾಕಾ ನಿಂತವನು ನಿಂತೇ ಇದ್ದ. ಬಾವಿಯಿತ್ತು, ಗಿಡವಿರಲಿಲ್ಲ. ಹೊಲದವರು ಬಂದು ಮಾತಾಡಿಸಿದರು. ಅವರಲ್ಲಿ ಹಿರಿಯರೊಬ್ಬರು, ಧೋತರ, ತಲೆಗೆ ರುಮಾಲು, "ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದರು.

"ಇಲ್ಲಿ ಒಂದು ಬನ್ನಿ ಗಿಡ ಇತ್ತಲ್ರಿ?" ಎಂದ ಕಾಕಾ.

"ನಮ್ಮಪ್ಪನ ಕಾಲದಾಗ ಇತ್ತಂತ ಹೇಳ್ತಿದ್ರು" ಎಂದರು ಹಿರಿಯರು.

ಬನ್ನಿ ಗಿಡ ಯಾವ ಹೊಲದಲ್ಲಿ ಇರಲಿಲ್ಲ ಹೇಳಿ? ಅದೇ ಹೊಲವೋ ಬೇರೆಯದೋ, ಆಗಲೂ ನನಗೆ ತಿಳಿಯಲಿಲ್ಲ, ಈಗಲೂ ತಿಳಿಯದು. ಕಾಕಾನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಡ್ಯೂಟಿಯ ಮೇಲಿದ್ದವನಂತೆ ನೆಟ್ಟಗೆ ನಿಂತು ಹೇಳಿದ.

"ನಿಮ್ಮ ಹೊಲಾ ನಮ್ಮಲ್ಲಿ ಐತ್ರಿ, ಸೊಲ್ಲಾಪುರದಾಗ. ಆರಾಮ ಐತಿ. ಮುಂಜಾನಿ ಹತ್ತರಿಂದ ಸಂಜೀ ಆರರತನಾ ನಾನ ಕಾಯ್ತೀನಿ. ಒಂದು ದಂಟ ಸೈತ ಹೋಗಿಲ್ಲ. ಉಣಸಾಕ ಮಾತ್ರ ಅಲ್ಲಿ ಬಿಡವೊಲ್ರು. ಅದನ್ನಷ್ಟ ನೀವ ಇಲ್ಲಿಂದ ನೋಡ್ಕೋರಿ."

ಹಿರಿಯರು ತಮ್ಮ ಸುತ್ತಲೂ ಎದೆಯೆತ್ತರಕ್ಕೆ ನಿಂತ ಜೋಳವನ್ನು ನೋಡಿದರು. ಕಾಕಾನನ್ನು ನೋಡಿದರು. ನನ್ನನ್ನು ನೋಡಿದರು. ನಾನು ನಗು ತಡೆಯಲು ಕೆಳಗೆ ನೋಡಿದೆ. ಅವರಿಗೆ ಏನು ಅರ್ಥವಾಯಿತೋ, ಚಿತ್ರದ ಸಂಗತಿ ಬಿಡಿಸಿ ಹೇಳುವ ಮೊದಲೇ, "ಆತ್ರೀ, ಉಣಸ್ತೀವಿ" ಎಂದುಬಿಟ್ಟರು. ಆಮೇಲೆ, ಬಂದವರನ್ನು ಕೇಳುವಂತೆ ಸಹಜವಾಗಿ ಕೇಳಿದರು.

"ನಿಮ್ಮ ಹೊಲಾ ಎಲ್ಲಿ ಬರ್ತದ್ರಿ?"

ಆ ಮಾತನ್ನು ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಆಡಿರಲಿಲ್ಲ. ಕಾಕಿ ಥಟ್ಟನೆ ನನ್ನ ಕಡೆ ನೋಡಿದಳು. ಕಾಕಾ ಜೋಳದ ಒಂದು ಎಲೆಯನ್ನು ಬೆರಳಲ್ಲಿ ಹಿಡಿದು, ನಿಧಾನವಾಗಿ ಸವರಿ, ಬಿಟ್ಟ.

"ವಾಗದರ್ಯಾಗ ಇತ್ರಿ. ಈಗ ಯಾವ ಊರಿನ ಮ್ಯೂಜಿಯಮದಾಗ ಐತೋ ಗೊತ್ತಿಲ್ಲ" ಎಂದ. ಜೋಳದ ಕಡೆ ತಿರುಗಿ, "ನನ್ನಂಥಾಂವ ಒಬ್ಬ ಯಾವನರೆ ನೋಡ್ಕೋತಿರಬೇಕು" ಎಂದ.

ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಣ್ಣು ತುಂಬಿ ಬಂದವು, ಮರೆಮಾಡಲೂ ಆಗಲಿಲ್ಲ. ಹಿರಿಯರು ಚರಗದ ಗಡಿಗೆಯನ್ನು ತಂದು ಕಾಕಾನ ಕೈಗೆ ಕೊಟ್ಟರು. ಕಾಕಾ ಬೂಟು ಬಿಚ್ಚಿ ಬೆಳೆಯೊಳಗೆ ಇಳಿದ. ನಾನೂ ಚಪ್ಪಲಿ ಬಿಟ್ಟು ಅವನ ಹಿಂದೆ ನಡೆದೆ.